ಕುಡಿಯದವರ ಪಾರ್ಟಿ

ತನಗೆ ಗೊತ್ತಿಲ್ಲದ ವಿಷಯದಲ್ಲಿ ತಜ್ಞನಾಗುವುದು ಎಷ್ಟು ಸುಲಭ ಎಂಬುದು ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದವರಿಗೆ ಮಾತ್ರ ತಿಳಿದೀತು. ನಾನು ಧಾರವಾಡದವನು. ನಮ್ಮ ಮನೆಯಲ್ಲಿ ಎರಡನೆಯ ಸಲ ಚಹಾ ಕೇಳಿದರೇ ಹುಡುಗನಿಗೆ ಚಟ ಹತ್ತಿತು ಎಂದು ಹಿರಿಯರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಇಂಥ ನನ್ನನ್ನು ಪುಣೆಯ ನಮ್ಮ ವಿಶ್ವವಿದ್ಯಾಲಯ, ವಿದ್ಯಾರ್ಥಿಗಳು ಕುಡಿತಕ್ಕೂ ಮಾದಕ ವಸ್ತುಗಳಿಗೂ ಬೀಳದಂತೆ ತಡೆಯುವುದು ಹೇಗೆ ಎಂಬ ಸಂಶೋಧನೆಗೆ ಹಚ್ಚಿತು. ನನ್ನಲ್ಲಿ ಅಂಥ ವಿಶೇಷವೇನೂ ಇರಲಿಲ್ಲ. ಸಮಾಜಶಾಸ್ತ್ರ ವಿಭಾಗದ ಉಳಿದವರೆಲ್ಲ ಆ ಮೀಟಿಂಗಿನಲ್ಲಿ ತಮಗೆ ಪುರುಸೊತ್ತಿಲ್ಲ ಎಂದು ನನಗಿಂತ ಮೊದಲೇ ಹೇಳಿಬಿಟ್ಟರು, ಅಷ್ಟೆ.

ಮೊದಲ ದಿನವೇ ನನ್ನ ಪಾಂಡಿತ್ಯ ಹೊರಬಿತ್ತು. ಹುಡುಗರಿಗೆ ಕೇಳಬೇಕಾದ ಪ್ರಶ್ನೆಗಳನ್ನು ನಾನೇ ಬರೆದಿದ್ದೆ. ಅದರಲ್ಲಿ 'ನೀವು ಒಂದು ಸಲಕ್ಕೆ ಎಷ್ಟು ಕಪ್ ವಿಸ್ಕಿ ಕುಡಿಯುತ್ತೀರಿ' ಎಂದಿತ್ತು. ಯೋಜನೆಯ ಮುಖ್ಯಸ್ಥೆಯಾಗಿದ್ದ ಮೇಡಂ ಅದನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೊಮ್ಮೆ ಓದಿ, ಕಪ್ಪಿನ ಕೆಳಗೆ ಬಶಿ, ಸಾಸರು, ಬೇಡವೇ ಎಂದು ಕೇಳಿದರು. ವಾಕಡ ಬಡಾವಣೆಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಸುದ್ದಿ ಇನ್ನೊಂದು ರೂಪದಲ್ಲಿ ಹಬ್ಬಿತು. ಕೆಳಗಿನ ಮನೆಯ ಜೋಶಿಕಾಕಾ ಲಿಫ್ಟಿನಲ್ಲಿ ನಾಲ್ಕು ಜನರ ಎದುರು, ಹಾಗಾದರೆ ಸರ್ ಈಗ ದಾರೂ ಮೇಲಿದ್ದಾರೆ ಎಂದು ಮರಾಠಿಯಲ್ಲಿ ತುಂಬು ಗೌರವದಿಂದ ಸಾರಿದರು. ನನ್ನ ಹೆಂಡತಿ ಸುಮಿತ್ರಾ ಬೆಳಗಾವಿಯವಳು, ಮರಾಠಿ ನನಗಿಂತ ಚೆನ್ನಾಗಿ ಬಲ್ಲವಳು. ದಾರೂ ಬಗ್ಗೆ ಕೆಲಸ, ದಾರೂ ಮೇಲೆಯೇ ಬದುಕು, ಹೀಗೆ ಆ ಮಾತಿಗೆ ಎಷ್ಟು ಅರ್ಥಗಳಿವೆಯೋ ಅಷ್ಟೂ ಅವಳಿಗೆ ಗೊತ್ತಾಗಿ ವಾರಗಟ್ಟಲೆ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿ ಇಳಿದಳು.

ನನ್ನ ಕೆಲಸ ಹುಡುಗರನ್ನು ಒಬ್ಬೊಬ್ಬರನ್ನಾಗಿ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ ಮಾತಾಡಿಸುವುದು. ಶುರುವಿಗೆ ಒಂದು ವಚನ ಕೊಡಬೇಕಿತ್ತು: ನೀನು ಹೇಳಿದ್ದು ಈ ಕೋಣೆ ದಾಟುವುದಿಲ್ಲ, ನಿನ್ನ ತಂದೆತಾಯಿಗೂ ಹೇಳುವುದಿಲ್ಲ, ನಿನ್ನ ಗೆಳೆಯರಿಗೂ ಹೇಳುವುದಿಲ್ಲ. ಈ ವಚನವನ್ನು ನಾನು ಬಹಳ ಗಂಭೀರವಾಗಿ, ಸ್ವಲ್ಪ ಕಣ್ಣು ಮುಚ್ಚಿ ಕೊಡುತ್ತಿದ್ದೆ. ಅದು ನನ್ನ ಕುತ್ತಿಗೆಗೇ ಬರುತ್ತದೆಂದು ಯಾರಿಗೆ ಗೊತ್ತಿತ್ತು.

ಮೊದಲು ಬಂದವನು ಸುಶಾಂತ. ಅವನ ತಂದೆ ಉಡುಪಿ ಕಡೆಯವರು, ಇಲ್ಲಿ ಹೋಟೆಲು ನಡೆಸುತ್ತಾರೆ. ನಾನು ಕನ್ನಡದವನೆಂದು ತಿಳಿದದ್ದೇ ಅವನು ಕುರ್ಚಿಯಲ್ಲಿ ಸಡಿಲವಾಗಿ ಕೂತ. ಪ್ರತಿ ಶನಿವಾರ ಸಂಜೆ ತಾನೂ ತನ್ನ ಇಬ್ಬರು ಗೆಳೆಯರೂ ಸೇರಿ ಪಾರ್ಟಿ ಮಾಡುತ್ತೇವೆ ಎಂದ. ಗೆಳೆಯರೆಂದರೆ ಅನಿಕೇತ ಮತ್ತು ನಿಖಿಲ. ನಿಖಿಲ ದೂರದ ಸಣ್ಣ ಊರು ಇಂದಾಪುರದ ಹುಡುಗ, ಕಾಲೇಜಿನ ಹತ್ತಿರ ಒಂದು ಮಹಡಿ ಕೋಣೆಯಲ್ಲಿ ಬಾಡಿಗೆಗೆ ಇದ್ದ; ಪಾರ್ಟಿ ಅಲ್ಲೇ. ನೀನೆಷ್ಟು ಕುಡಿಯುತ್ತೀ ಎಂದು ಕೇಳಿದೆ, ಕಪ್ಪಿನ ಮಾತು ಎತ್ತದೆ.

"ಕುಡಿಯುವುದೇ ಇಲ್ಲ ಸರ್. ನನಗೆ ಅದರ ವಾಸನೆಯೇ ಆಗುವುದಿಲ್ಲ. ಗ್ಲಾಸ್ ಹಿಡಿದುಕೊಂಡು ಬಾಲ್ಕನಿಗೆ ಹೋಗಿ ಚೆಲ್ಲಿ ಬರುತ್ತೇನೆ."

ಕೆಳಗೆ ಮನೆ ಮಾಲಕಿಯ ಕರಿಬೇವಿನ ಗಿಡವಿತ್ತಂತೆ. ಅದು ಒಣಗಿಹೋಗಿ, ಆಕೆ ಪಕ್ಕದ ಮನೆಯವರ ದೃಷ್ಟಿ ತಾಗಿತೆಂದು ಮೆಣಸಿನಕಾಯಿ ಕಟ್ಟಿದ್ದಳಂತೆ. ಹಾಗಾದರೆ ಹೋಗುವುದೇಕೆ ಎಂದರೆ, ಉಳಿದಿಬ್ಬರು ದೊಡ್ಡ ಕುಡುಕರು, ಕುಡಿಯುವುದಿಲ್ಲ ಎಂದರೆ ನನ್ನನ್ನು ಗುಂಪಿನಿಂದಲೇ ಬಿಟ್ಟಾರು ಎಂದ. ನನಗೆ ಆಶ್ಚರ್ಯವೇ ಆಯಿತು. ಕುಡಿದು ಮುಚ್ಚಿಡುವವರನ್ನು ಹುಡುಕಲು ಕೂತವನಿಗೆ ಕುಡಿಯದ್ದನ್ನು ಮುಚ್ಚಿಡುವವನು ಸಿಕ್ಕಿದ್ದ.

ಮಾರನೆಯ ದಿನ ಅನಿಕೇತ ಬಂದ. ಪುಣೆಯದೇ ಬಾಣೇರ್ ಬಡಾವಣೆಯ ಹುಡುಗ, ತಂದೆತಾಯಿ ಇಬ್ಬರೂ ಕಂಪನಿಯಲ್ಲಿ ದೊಡ್ಡ ಕೆಲಸದವರು. ಅವನು ಅರ್ಧ ಮರಾಠಿ ಅರ್ಧ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕೇಳಿ ನನ್ನ ಪೆನ್ನು ಕೆಳಗೆ ಬಿತ್ತು. ತಾನು ಮನೆಯಿಂದಲೇ ಒಂದು ಖಾಲಿ ವಿಸ್ಕಿ ಬಾಟಲಿಯಲ್ಲಿ ಸೇಬಿನ ರಸ ತುಂಬಿಕೊಂಡು ಹೋಗುತ್ತೇನೆ, ನನಗೆ ಈ ಬ್ರ್ಯಾಂಡೇ ಆಗಬೇಕು ಎಂದು ಹಟ ಮಾಡಿ ಬೇರೆ ಯಾರಿಗೂ ಮುಟ್ಟಗೊಡುವುದಿಲ್ಲ, ಆಮೇಲೆ ಸ್ವಲ್ಪ ತೂರಾಡಿ, ಇಂಗ್ಲಿಷಿನಲ್ಲಿ ಅತ್ತು, ಮನೆಗೆ ಬರುತ್ತೇನೆ ಎಂದ. ಕಾರಣ ಅದೇ. ಸುಶಾಂತ, ನಿಖಿಲ ಇಬ್ಬರೂ ಅಸಾಧ್ಯ ಕುಡಿಯುತ್ತಾರೆ. ಸುಶಾಂತನಂತೂ ಎಷ್ಟು ಹಾಕಿದರೂ ಬಾಲ್ಕನಿಯಲ್ಲಿ ಗಾಳಿಗೆ ನಿಂತು ಬಂದು ಮತ್ತೆ ಗ್ಲಾಸು ಒಡ್ಡುತ್ತಾನೆ, ಅವನ ಮುಂದೆ ನಾನು ರಸ ಕುಡಿಯುತ್ತ ಕೂರಲೇ ಎಂದು ನನ್ನನ್ನೇ ಕೇಳಿದ.

ನನಗೆ ನಗು ತಡೆಯುವುದೇ ಕಷ್ಟವಾಯಿತು. ಹೇಗೋ ಕೆಮ್ಮಿ ಸುಧಾರಿಸಿಕೊಂಡು ಅವನನ್ನು ಕಳಿಸಿದೆ. ಇನ್ನು ಆ ನಿಖಿಲನೂ ಬಂದು ತಾನು ಮಜ್ಜಿಗೆ ಕುಡಿಯುತ್ತೇನೆ ಎಂದುಬಿಟ್ಟರೆ ಒಂದು ಒಳ್ಳೆ ಪ್ರಬಂಧವಾಯಿತು ಎಂದುಕೊಂಡು, ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಒಬ್ಬನೇ ನಗುತ್ತ ಹೋದೆ. ಸಿಗ್ನಲಿನಲ್ಲಿ ಪಕ್ಕದ ಸ್ಕೂಟರಿನವನು ನನ್ನನ್ನು ನೋಡಿ ಸ್ವಲ್ಪ ದೂರ ಸರಿದು ನಿಂತ.

ನಿಖಿಲ ಬಂದ ದಿನ ಆ ನಗು ನಿಂತಿತು. ತೆಳ್ಳಗಿನ ಹುಡುಗ. ತಂದೆ ಎಸ್‌ಟಿ, ಅಂದರೆ ಅಲ್ಲಿಯ ಸರ್ಕಾರಿ ಬಸ್ಸಿನ ಚಾಲಕರು. ಕೈ ಸಣ್ಣಗೆ ನಡುಗುತ್ತಿತ್ತು, ಅದನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಅವನೇ ನಿಜವಾಗಿ ಕುಡಿಯುತ್ತಿದ್ದವನು. ಮೊದಮೊದಲು ಒಂದು ಗ್ಲಾಸಿಗೇ ವಾಂತಿಯಾಗುತ್ತಿತ್ತು, ಆ ಇಬ್ಬರಿಗೆ ಎಷ್ಟು ಕುಡಿದರೂ ವಾಂತಿಯೇ ಆಗುತ್ತಿರಲಿಲ್ಲ, ಮರುದಿನ ಎಂಟು ಗಂಟೆಗೆ ತಲೆ ಬಾಚಿಕೊಂಡು ಕ್ರಿಕೆಟ್ ಮೈದಾನದಲ್ಲಿರುತ್ತಿದ್ದರು ಎಂದ. ಅವರು ಪುಣೆಯಲ್ಲಿ ಬೆಳೆದವರು, ಅವರ ಮೈಗೆ ರೂಢಿಯಿದೆ, ನನ್ನ ಮೈಗೆ ಇಲ್ಲ ಎಂದು ತೀರ್ಮಾನಿಸಿದ್ದ.

"ಅದಕ್ಕೇ ಸರ್, ಮಧ್ಯಾಹ್ನ ರೂಮಿನಲ್ಲಿ ಒಬ್ಬನೇ ಕೂತು ಪ್ರ್ಯಾಕ್ಟೀಸ್ ಮಾಡ್ತೀನಿ," ಎಂದು ಮರಾಠಿಯಲ್ಲಿ ಹೇಳಿದ. ಪರೀಕ್ಷೆಗೆ ಓದುತ್ತೇನೆ ಎನ್ನುವ ಹುಡುಗನ ಪ್ರಾಮಾಣಿಕತೆ ಅವನ ದನಿಯಲ್ಲಿತ್ತು.

ಕರಿಬೇವಿನ ಗಿಡಕ್ಕೆ ಹೊಯ್ಯುವವನನ್ನೂ ಸೇಬಿನ ರಸ ಕುಡಿಯುವವನನ್ನೂ ಸರಿಗಟ್ಟಲು ಈ ಹುಡುಗ ಹಗಲುಹೊತ್ತಿನಲ್ಲಿ ಒಬ್ಬನೇ ಕುಡಿಯುತ್ತಿದ್ದ. ಅದನ್ನು ಬಲ್ಲವನು ಇಡೀ ಪುಣೆಯಲ್ಲಿ ನಾನೊಬ್ಬ. ಹೇಳುವಂತಿಲ್ಲ, ಕಣ್ಣು ಮುಚ್ಚಿ ವಚನ ಕೊಟ್ಟಾಗಿದೆ.

ಓಡಿಹೋಗಿ ಮೇಡಂಗೆ ಹೆಸರು ಹೇಳದೆ ವಿಷಯ ತಿಳಿಸಿದೆ. ಅವರೂ ಗಾಬರಿಯಾದರು. ಕುಡಿಯುತ್ತಿರುವವನನ್ನು ತಕ್ಷಣ ಆಪ್ತ ಸಲಹೆಗಾರರ ಹತ್ತಿರ ಕಳಿಸಿ, ಆದರೆ ಉಳಿದವರು ಹೇಳಿದ್ದನ್ನು ನೀವು ಬಾಯಿ ಬಿಡುವಂತಿಲ್ಲ, ಅವರಾಗಿ ಹೇಳಿದರೆ ಆಯಿತು ಎಂದರು. ನಿಖಿಲನಿಗೆ ಸಲಹೆಗಾರರ ಕೋಣೆ ತೋರಿಸಿದೆ. ಅವನು ಬಾಗಿಲವರೆಗೆ ಬಂದು, ನನಗಿಂತ ಹೆಚ್ಚು ಕುಡಿಯುವವರೇ ಆರಾಮಾಗಿದ್ದಾರೆ, ನನಗೇಕೆ ಎಂದು ವಿನಯದಿಂದಲೇ ತಿರುಗಿ ಹೋದ. ಸುಶಾಂತನನ್ನು ಕರೆದು, ನಿನ್ನ ಮನಸ್ಸಿನಲ್ಲಿದ್ದದ್ದನ್ನು ಗೆಳೆಯರಿಗೆ ಹೇಳಬಾರದೇ ಎಂದು ಬೇಡಿಕೊಂಡೆ. ನಾಚಿಕೆಯಾಗುತ್ತದೆ ಸರ್ ಎಂದ. ಅನಿಕೇತನನ್ನು ಬೇಡಿಕೊಂಡೆ. ಇನ್ನು ಒಂದು ಸೆಮಿಸ್ಟರ್ ಅಷ್ಟೇ ಸರ್, ಹೇಗೋ ತೂರಾಡಿ ಮುಗಿಸುತ್ತೇನೆ ಎಂದ. ಕುಡಿಯಬೇಡಿರೋ ಎಂದು ಹುಡುಗರ ಬೆನ್ನು ಹತ್ತಬೇಕಾದ ಸರ್ಕಾರಿ ಸಂಬಳದ ಮನುಷ್ಯ, ನಾವು ಕುಡಿಯುವುದಿಲ್ಲ ಎಂದು ಒಪ್ಪಿಕೊಳ್ಳಿರೋ ಎಂದು ಬೆನ್ನು ಹತ್ತಿದ್ದೆ.

ಊಟ ಸೇರದಾಯಿತು. ಸುಮಿತ್ರಾ ಏನಾಗೇದ ಎಂದು ಕೇಳಿದಳು. ಹೇಳುವಂತಿಲ್ಲ ಎಂದೆ. ಈ ಸಂಶೋಧನಾ ಭಾಳ ಕೆಟ್ಟದ್ದು, ಕುಡಿಯೋರ ಮುಖ ನಿಮ್ಮ ಮುಖಕ್ಕಿಂತ ಚಲೋ ಇರ್ತದ ಎಂದು ತಟ್ಟೆ ಎತ್ತಿದಳು.

ಹೀಗೆ ನಾನು ಒದ್ದಾಡುತ್ತಿರುವಾಗಲೇ ಒಂದು ಮಧ್ಯಾಹ್ನ ಸುಶಾಂತನ ಫೋನು ಬಂತು. ನಿಖಿಲ ರೂಮಿನ ಮೆಟ್ಟಿಲಿನಿಂದ ಬಿದ್ದಿದ್ದ. ಮನೆ ಮಾಲಕಿ ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದಿದ್ದಳು. ನಾನು ಹೋಗುವ ಹೊತ್ತಿಗೆ ಅವನನ್ನು ಒಳಗೆ ಕರೆದೊಯ್ದಿದ್ದರು. ತಲೆಗೆ ಪೆಟ್ಟಾಗಿದೆ, ಇನ್ನೂ ನೋಡುತ್ತಿದ್ದಾರೆ ಎಂದಷ್ಟೇ ಹೇಳಿದರು. ಹೊರಗೆ ಬೆಂಚಿನ ಮೇಲೆ ಸುಶಾಂತ, ಅನಿಕೇತ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಅವನ ಮೈಯೆಲ್ಲ ದಾರೂ ವಾಸನೆಯಿತ್ತು ಸರ್, ಇಂದು ಶನಿವಾರವೂ ಅಲ್ಲ, ಎಂದ ಸುಶಾಂತ. ಅವನಿಗೆ ಅದು ಅರ್ಥವೇ ಆಗಿರಲಿಲ್ಲ. ನನಗೆ ಅರ್ಥವಾಗಿತ್ತು. ಹೋಗಿ ಅವರ ನಡುವೆಯೇ ಕೂತೆ. ಹಾಳು ವಚನ ಎನಿಸಿತು. ಆದರೂ ನಾಲಿಗೆ ಅದನ್ನು ಮುರಿಯಲಿಲ್ಲ, ಬೇರೆ ದಾರಿ ಹುಡುಕಿತು.

"ನನ್ನ ಮುಂದೆ ಹೇಳಿದ್ದನ್ನು ಈಗ ಇಲ್ಲೇ ಒಬ್ಬರಿಗೊಬ್ಬರು ಹೇಳಿಕೊಳ್ಳಿ," ಎಂದೆ. "ನಾನು ಕಿವಿ ಮುಚ್ಚಿಕೊಳ್ಳುತ್ತೇನೆ ಬೇಕಾದರೆ."

ಸುಶಾಂತ ನೆಲ ನೋಡುತ್ತ ಬಾಲ್ಕನಿಯ ಕತೆ ಹೇಳಿದ. ಅನಿಕೇತ ಬಾಯಿ ತೆರೆದು ಅವನನ್ನೇ ನೋಡಿದ. ತನ್ನ ಬಾಟಲಿಯಲ್ಲಿ ಏನಿರುತ್ತಿತ್ತೆಂದು ಅವನು ಹೇಳಿದಾಗ ಸುಶಾಂತನಿಗೆ ಒಂದು ಕ್ಷಣ ನಗು ಬಂತು. ಅದು ಅರ್ಧಕ್ಕೇ ಅಳುವಾಯಿತು. ಹಾಗಾದರೆ ಕುಡಿಯುತ್ತಿದ್ದವನು ನಿಖಿಲನೊಬ್ಬನೇ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು.

ದೇವರ ದಯೆ, ತಲೆಯ ಪೆಟ್ಟು ಆಳದ್ದಾಗಿರಲಿಲ್ಲ. ಕೈ ಮುರಿದಿತ್ತು. ಮರುದಿನ ಬೆಳಿಗ್ಗೆ ಅವನ ತಂದೆ ಇಂದಾಪುರದಿಂದ ಬಂದು ಖಾಕಿ ಬಟ್ಟೆಯಲ್ಲೇ ಹಾಸಿಗೆಯ ಪಕ್ಕ ಕೂತಿದ್ದರು. ಬೈಯಲಿಲ್ಲ. ಮೋಸಂಬಿ ಸುಲಿದು ಒಂದೊಂದೇ ತೊಳೆ ಮಗನ ಬಾಯಿಗೆ ಇಡುತ್ತಿದ್ದರು. ಅವರು ಚಹಾ ಕುಡಿಯಲು ಹೊರಗೆ ಹೋದಾಗ ಇಬ್ಬರು ಗೆಳೆಯರೂ ನಿಖಿಲನಿಗೆ ಎಲ್ಲ ಹೇಳಿದರು. ಅವನು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಪ್ಲಾಸ್ಟರಿನ ಕೈಯನ್ನೇ ನೋಡುತ್ತಿದ್ದು ಕೊನೆಗೆ, "ಹಾಗಾದರೆ ನಾನು ಯಾರಿಗೋಸ್ಕರ ಕುಡಿದೆ?" ಎಂದು ಕೇಳಿದ. ಇಷ್ಟು ವರ್ಷ ಪಾಠ ಹೇಳಿದ್ದೇನೆ, ಇಂಥ ಪ್ರಶ್ನೆ ನನಗೆ ಯಾವ ವಿದ್ಯಾರ್ಥಿಯೂ ಹಾಕಿರಲಿಲ್ಲ.

ಬಿಡುವುದು ಅವನಿಗೆ ಸುಲಭವಾಗಲಿಲ್ಲ. ಕುಡಿಯದವರ ಸಲುವಾಗಿ ಹತ್ತಿದ ಚಟವೂ ಚಟವೇ. ಆದರೆ ಸಲಹೆಗಾರರ ಕೋಣೆಯ ಬಾಗಿಲನ್ನು ಈ ಸಲ ದಾಟಿದ, ಎಡಕ್ಕೊಬ್ಬ ಬಲಕ್ಕೊಬ್ಬನ ಜೊತೆ. ನಡುವೆ ಒಮ್ಮೆ ಜಾರಿ, ತಾನೇ ಬಂದು ಹೇಳಿಕೊಂಡ. ಈಗ ಶನಿವಾರ ಸಂಜೆ ಮೂವರೂ ಸುಶಾಂತನ ತಂದೆಯ ಹೋಟೆಲಿನಲ್ಲಿ ಫಿಲ್ಟರ್ ಕಾಫಿ ಹಿಡಿದು ಗಲಾಟೆ ಮಾಡುತ್ತಾರೆ. ನಮ್ಮ ಸಂಶೋಧನೆಯೂ ದಾರಿ ಬದಲಿಸಿತು. ಕುಡಿತದ ಕೆಡುಕಿನ ಭಾಷಣ ಕಡಿಮೆ ಮಾಡಿ, ಪಕ್ಕದವನೂ ನಿಮ್ಮ ಹಾಗೆ ಬೇಡವೆನ್ನಲು ಕಾಯುತ್ತಿರಬಹುದು ಎಂದು ಹುಡುಗರಿಗೆ ಹೇಳುವುದನ್ನು ಶುರುಮಾಡಿದೆವು. ಮೂವರೂ ಒಪ್ಪಿದರು, ಈ ಕತೆ ಎಲ್ಲಿ ಬೇಕಾದರೂ ಹೇಳಿ ಸರ್, ಹೆಸರು ಮಾತ್ರ ಬದಲಿಸಿ ಎಂದರು. ಬದಲಿಸಿದ್ದೇನೆ.

ಅವರ ಅಪ್ಪಣೆ ಸಿಕ್ಕ ಮೇಲೆ ಮೊದಲು ಹೇಳಿದ್ದು ಸುಮಿತ್ರಾಗೆ. ಒಂದು ಭಾನುವಾರ ಬೆಳಿಗ್ಗೆ ಹೋಟೆಲಿಗೆ ಮಿಸಳ್, ಮೊಳಕೆಕಾಳಿನ ಖಾರದ ತಿಂಡಿ, ತಿನ್ನಲು ಹೊರಟು ಚಪ್ಪಲಿ ಮೆಟ್ಟುತ್ತಿದ್ದೆವು. ಪುಣೆಗೆ ಬಂದಂದಿನಿಂದ ಭಾನುವಾರ ಬೆಳಗಿನ ಮಿಸಳ್ ನಾವು ತಪ್ಪಿಸಿದವರಲ್ಲ. ಅವಳು ಎಲ್ಲ ಕೇಳಿ, ಒಂದು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಕೂತಳು.

"ಒಂದು ಮಾತು ಹೇಳ್ಲೇನ್ರಿ? ನನಗ ಈ ಮಿಸಳ್ ಖಾರ ಎಂದೂ ಸೇರಿಲ್ಲ. ನಿಮಗ ಜೀವ ಅಂತ ಬರ್ತೀನಿ."

ನಾನು ಹೌಹಾರಿದೆ. ಏಕೆಂದರೆ ಪ್ರತಿ ಭಾನುವಾರ ಮಧ್ಯಾಹ್ನ ಹೊಟ್ಟೆ ಉರಿಗೆ ಬಚ್ಚಲುಮನೆಯಲ್ಲಿ ಗುಟ್ಟಾಗಿ ಗುಳಿಗೆ ನುಂಗುವವನು ನಾನು. ಮದುವೆಯಾದ ಹೊಸತರಲ್ಲಿ ಮೊದಲ ಸಲ ಮಿಸಳ್ ತಿಂದಾಗ ಅವಳ ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ನಾನು ಆನಂದಬಾಷ್ಪ ಎಂದುಕೊಂಡಿದ್ದೆ.

ಇಬ್ಬರೂ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತೆವು. ಇನ್ನು ಮೇಲೆ ಸುಳ್ಳು ಬೇಡ, ನಿನಗೆ ನಿಜವಾಗಿ ಏನು ಇಷ್ಟ ಹೇಳು ಎಂದು ಸಂಶೋಧಕನ ದನಿಯಲ್ಲಿ ಕೇಳಿದೆ. ಅವಳು ಯೋಚಿಸಿ, ಮೊದಲು ನೀವು ಹೇಳ್ರಿ, ನಿಮಗೇನು ಇಷ್ಟ ಎಂದಳು.

"ನಿನಗೇನು ಇಷ್ಟವೋ ಅದೇ," ಎಂದುಬಿಟ್ಟೆ.