ನಾನು ಗೆಲ್ಲಿಸಿದ ಚೆಸ್ ಪಂದ್ಯಾವಳಿ

ಪತ್ರಿಕೆಗೆ ವರದಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಕಲಬುರಗಿಯಲ್ಲೇ ಇಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಹದಿನೆಂಟು ವರ್ಷಗಳಿಂದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೇನೆ. ಧ್ವಜದ ಹಗ್ಗ ಸಿಕ್ಕಿಕೊಂಡು ಇಡೀ ಶಾಲೆ ಅರ್ಧ ಗಂಟೆ ಆಕಾಶ ನೋಡುತ್ತ ನಿಂತಿದ್ದನ್ನು 'ಸಮಾರಂಭವು ಶಿಸ್ತುಬದ್ಧವಾಗಿ ನೆರವೇರಿತು' ಎಂದು ಬರೆದ ಕೈ ಇದು!

ಹೀಗಿರಲು, ಏಳನೇ ತರಗತಿಯ ನನ್ನ ಮಗಳು ಅಂಬಿಕಾ ಶರಣಬಸವೇಶ್ವರ ಗುಡಿಯ ಹತ್ತಿರ ನಡೆದ ಚೆಸ್ ಪಂದ್ಯಾವಳಿಗೆ ಹೋದಳು. ಸಂಜೆ ಕೊರಳಲ್ಲಿ ಪದಕ ಹಾಕಿಕೊಂಡು ಬಂದಳು.

"ಗೆದ್ದ್ಯೇನವ್ವ?" ಎಂದೆ.

"ಇಲ್ಲ. ಇದು ಬಂದವ್ರಿಗೆಲ್ಲಾ ಕೊಟ್ಟಾರ. ಐದು ಆಟದಾಗ ಮೂರು ಸೋತೆ."

"ಅಂದ್ರ ಎರಡು ಗೆದ್ದಂಗಾತಲ್ಲ!"

"ಆ ಎರಡು ಆಡೇ ಇಲ್ಲವ್ವ. ಒಂದರಾಗ ನನಗ ಜೋಡಿನೇ ಸಿಗಲಿಲ್ಲ, ಏಳು ಮಂದಿ ಇದ್ವಿ, ಸುಮ್ನ ಒಂದು ಪಾಯಿಂಟ್ ಕೊಟ್ರು. ಇನ್ನೊಂದರಾಗ ಎದುರಿನ ಹುಡುಗಿ ಹೊಟ್ಟಿನೋವಂತ ಮನಿಗಿ ಹೋದ್ಳು."

ಇಷ್ಟು ಹೇಳಿ, ಬಟ್ಟೆಯನ್ನೂ ಬದಲಿಸದೆ, ಸೋತ ಮೂರು ಆಟಗಳನ್ನು ಮತ್ತೆ ಹಲಗೆಯ ಮೇಲೆ ಜೋಡಿಸಿಕೊಂಡು ಕುಳಿತಳು. ಅವಳಿಗೆ ಆ ಆಟವೆಂದರೆ ಅಷ್ಟು ಹುಚ್ಚು. ನಾನು ನನ್ನ ಹುಚ್ಚಿಗೆ ಪೆನ್ನು ಹುಡುಕಿದೆ.

'ನಗರದ ಚದುರಂಗ ಪ್ರತಿಭೆ ಕು. ಅಂಬಿಕಾ ಪದಕಕ್ಕೆ ಭಾಜನಳಾಗಿದ್ದಾಳೆ. ಎರಡು ಸುತ್ತುಗಳಲ್ಲಿ ಈಕೆಯ ಎದುರು ಕೂರಲು ಯಾರೂ ಬರಲಿಲ್ಲ ಎಂಬುದು ಗಮನಾರ್ಹ.' ಒಂದಕ್ಷರವೂ ಸುಳ್ಳಲ್ಲ, ನೋಡಿ!

ನೆಹರು ಗಂಜಿನಲ್ಲಿ ತೊಗರಿಬೇಳೆ ವ್ಯಾಪಾರ ಮಾಡುವ ನಮ್ಮ ಮನೆಯವರು ಓದಿ ನೋಡಿದರು. "ಉಳಿದ ಮೂರರಾಗ ಬಂದು ಕುಂತವ್ರು ಏನ್ ಮಾಡಿದ್ರು ಅಂತನೂ ಬರೀಬೇಕಲ್ಲ?"

"ಪೇಪರಿನಾಗ ಜಾಗ ಕಡಿಮಿ ಇರ್ತದ್ರೀ," ಎಂದೆ.

ಜಾಗ ಕಡಿಮೆ ಇರಲಿಲ್ಲ. ಎರಡು ದಿನದ ಮೇಲೆ ಸ್ಥಳೀಯ ಪತ್ರಿಕೆಯೊಂದರಲ್ಲಿ ಫೋಟೋ ಸಮೇತ ಬಂತು: 'ಬಾಲೆಗೆ ಬೆದರಿ ಎದುರಾಳಿಗಳ ಪಲಾಯನ!' ಮಧ್ಯಾಹ್ನದ ಹೊತ್ತಿಗೆ ಯಾವುದೋ ಮೊಬೈಲ್ ಚಾನೆಲ್ ಅವಳನ್ನು 'ಭಾವಿ ಗ್ರ್ಯಾಂಡ್‌ಮಾಸ್ಟರ್' ಮಾಡಿತು. ಸಂಜೆಗೆ 'ಭಾವಿ' ಉದುರಿಹೋಯಿತು! ನಮ್ಮ ಬ್ರಹ್ಮಪುರದ ಓಣಿಯವರೆಲ್ಲ ಬಂದು ಅಭಿನಂದಿಸಿದರು. ನಾನು ಮಹಾ ವಿನಯದಿಂದ ಎಲ್ಲವನ್ನೂ ಸ್ವೀಕರಿಸಿದೆ.

ಅಂಬಿಕಾ ಮಾತ್ರ ಮುಖ ಊದಿಸಿಕೊಂಡಿದ್ದಳು. "ಮುಂದಿನ ತಿಂಗಳ ಟೂರ್ನಮೆಂಟಿಗೆ ಹೆಸರು ಕೊಡಬೇಕಂತ ಮಾಡಿದ್ದೆ. ಈಗ ಎಲ್ಲಾರೂ ನನ್ನ ಬೋರ್ಡಿನ ಸುತ್ತನ ನಿಂದರ್ತಾರ. ನಾ ಹೆಂಗ ಆಡ್ಲಿ?"

"ನಿಂದರ್ಲಿ ಬಿಡು, ನೋಡಿ ಕಲೀತಾರ," ಎಂದೆ. ಇಂಥ ತಾಯಿಗೆ ಏನನ್ನಬೇಕು ಹೇಳಿ!

ಅಷ್ಟರಲ್ಲಿ ಕಮಲಾಪುರದ ಯುವಕ ಸಂಘವೊಂದು ಸನ್ಮಾನಕ್ಕೆ ಕರೆಯಿತು. ಅವಳು ಬರುವುದಿಲ್ಲ ಎಂದಳು. ಕರೆದವರ ಮನಸ್ಸು ನೋಯಿಸಬಾರದು ಎಂದು ಉಪದೇಶ ಮಾಡಿ, ರೇಷ್ಮೆ ಲಂಗ ಉಡಿಸಿ, ಬಸ್ಸು ಹತ್ತಿಸಿದೆ. ನಾನೂ ಹೊಸ ಇಳಕಲ್ ಸೀರೆ ಉಟ್ಟಿದ್ದೆ. ಗ್ರ್ಯಾಂಡ್‌ಮಾಸ್ಟರಿನ ತಾಯಿ ಹಳೆಯ ಸೀರೆಯಲ್ಲಿ ಹೋಗಲಾಗುತ್ತದೆಯೇ?

ಕಮಲಾಪುರದಲ್ಲಿ ಇಳಿದರೆ ಬ್ಯಾನರು, ಹಲಗೆ ಬಾರಿಸುವವರು, ಕಾಣಿಕೆಯಾಗಿ ಅಲ್ಲಿಯ ಕೆಂಪು ಬಾಳೆಹಣ್ಣಿನ ಒಂದು ಇಡೀ ಗೊನೆ! ಎರಡು ಜಡೆಯ ಹುಡುಗಿಯೊಬ್ಬಳು ಮುಂದೆ ಬಂದು ನಮಗೆ ಆರತಿ ಎತ್ತಿದಳು. ಅಂಬಿಕಾ ನನ್ನ ಸೆರಗು ಜಗ್ಗಿದಳು.

"ಅವ್ವಾ, ಇಕಿ ರೇಣುಕಾ. ಮೂರನೇ ಸುತ್ತಿನಾಗ ನನ್ನ ಸೋಲಿಸಿದಾಕಿ. ಫಸ್ಟ್ ಕಪ್ ಇಕಿಗೇ ಬಂದದ!"

ಕಪ್ ಗೆದ್ದವಳು ಈ ಊರಿನವಳು; ಅವಳ ಕೈಗೆ ಆರತಿ ತಟ್ಟೆ. ಸೋತವಳು ನನ್ನ ಮಗಳು. ಅವಳ ಕೊರಳಿಗೆ ಹಾರ. ಕಾರಣ ಇಷ್ಟೇ: ರೇಣುಕಾಳ ತಾಯಿಗೆ ವರದಿ ಬರೆಯುವ ಚಟ ಇರಲಿಲ್ಲ. ಆಗಲೇ ನಾನು ಬಾಯಿ ಬಿಡಬೇಕಿತ್ತು. ಬಿಟ್ಟೆ, "ಹಾರ ಸ್ವಲ್ಪ ಸರಿ ಮಾಡ್ಕೋ, ಫೋಟೋ ತೆಗೀಲಿಕತ್ತಾರ," ಎಂದು ಹೇಳಲಿಕ್ಕೆ!

ಭಾಷಣಗಳು ಮುಗಿದ ಮೇಲೆ ಸಂಘದ ಅಧ್ಯಕ್ಷರಿಗೆ ಹುರುಪು ಬಂತು. ಮೈಕಿನಲ್ಲಿ ಕೂಗಿದರು: "ಈಗ ಒಂದು ಪ್ರದರ್ಶನ ಪಂದ್ಯ ಆಗ್ಲಿ! ನಮ್ಮೂರಾಗ ಯಾರಿಗರ ಧೈರ್ಯ ಇದ್ರ ಮುಂದ ಬರ್ರಿ!"

ರೇಣುಕಾ ಆರತಿ ತಟ್ಟೆ ಕೆಳಗಿಟ್ಟು ಬಂದು ಕುಳಿತಳು.

ಹತ್ತು ನಿಮಿಷ. ಮೊದಲು ಅಂಬಿಕಾಳ ಕುದುರೆ ಹೋಯಿತು, ಆಮೇಲೆ ಆನೆ, ಕೊನೆಗೆ ರಾಣಿಯೂ ಹೋಯಿತು. ಅಧ್ಯಕ್ಷರು ಮಾತ್ರ ಸೋಲುವ ಜಾತಿಯವರಲ್ಲ. "ನೋಡ್ರೀ, ನೋಡ್ರೀ! ಬೇಕಂತನ ರಾಣಿ ಬಿಟ್ಟುಕೊಟ್ಟಾಳ! ಇದಕ್ಕ ತ್ಯಾಗ ಅಂತಾರ!" ಎಂದರು. ರಾಜನಿಗೆ ದಾರಿ ಮುಗಿದಾಗ, "ಕಮಲಾಪುರದ ಪ್ರೀತಿಗೆ ಮನಸೋತ ಮಹಾಪ್ರತಿಭೆಗೆ ಜೋರಾಗಿ ಚಪ್ಪಾಳೆ!" ಎಂದರು. ಜನ ಚಪ್ಪಾಳೆ ತಟ್ಟಿದರು. ನನಗೆ ವೇದಿಕೆಯಿಂದ ಹಾರಿ ಓಡಿಹೋಗಬೇಕೆನಿಸಿತು. ಆದರೆ ಗೊನೆ ಬಹಳ ಭಾರ ಇತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅಂಬಿಕಾ ಮೆಲ್ಲಗೆ ಹೇಳಿದಳು: "ಅವ್ವಾ, ನಾ ಇನ್ನ ಚೆಸ್ ಆಡೂದಿಲ್ಲ."

ನಾನು ಗೊನೆ ಕೆಳಗಿಟ್ಟು ಅವಳ ಕಡೆ ತಿರುಗಿದೆ. "ಸೋತಿದ್ದಕ್ಕ ಬೇಜಾರಾಗಿ ಹಂಗನಬ್ಯಾಡವ್ವ."

"ಸೋಲೂದು ನನಗ ರೂಢಿ ಅದ. ನೀ ಗೆಲ್ಲಿಸೂದು ತಡಕೊಳ್ಳಾಕ ಆಗೂದಿಲ್ಲ."

ಅವಳಿಗೆ ಜಗತ್ತಿನಲ್ಲಿ ಪ್ರೀತಿಯಿದ್ದದ್ದು ಆ ಅರವತ್ನಾಲ್ಕು ಮನೆಗಳ ಮೇಲೆ. ಅದನ್ನೇ ನಾನು ಕಸಿದುಕೊಂಡಿದ್ದೆ. ಅಳುವೇ ಬಂತು. ಏನು ಮಾಡಲಿ ಹೇಳು ಎಂದು ಬೇಡಿಕೊಂಡೆ. ಖರೆ ಏನದ ಅದನ್ನು ಎಲ್ಲರಿಗೂ ನೀನೇ ಹೇಳಬೇಕು, ಹೇಳಿದರೆ ಆಡುತ್ತೇನೆ ಎಂದಳು.

ಮರುದಿನ ಹೊಸ ವರದಿ ಬರೆದೆ. 'ಕು. ಅಂಬಿಕಾ ಒಂದು ಆಟವನ್ನೂ ಗೆದ್ದಿರುವುದಿಲ್ಲ. ಕಪ್ ಗೆದ್ದವಳು ಕಮಲಾಪುರದ ರೇಣುಕಾ.' ಪತ್ರಿಕೆಯವರಿಗೆ ಕೊಟ್ಟೆ. ವರದಿಗಾರ ಎರಡು ಸಲ ಓದಿದರು.

"ಮೇಡಂ, ರೇಣುಕಾಂದು ಹಳೇ ಸುದ್ದಿ ಆತು. ಇನ್ನ ಒಂದೂ ಆಟ ಗೆದ್ದಿಲ್ಲ ಅನ್ನೂದು ಸುದ್ದಿನೇ ಅಲ್ರೀ. ಹಂಗ ನೋಡಿದ್ರ ಕಲಬುರಗಿ ತುಂಬ ಅಂಥವ್ರೇ ಇದ್ದೀವಿ!"

ಬೇರೆ ದಾರಿ ಇರಲಿಲ್ಲ. ಸಂಜೆ ಓಣಿಯ ಮನೆಮನೆ ಬಾಗಿಲು ಬಡಿಯಲು ಹೊರಟೆ. ಮೊದಲು ಎದುರು ಮನೆಯ ಶಾಹೀನ್ ಬಾಜಿ, ಓಣಿಗೆಲ್ಲ ಅಕ್ಕ. ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡೆ. ಬಾಜಿ ಸ್ವಲ್ಪವೂ ಬೆಚ್ಚಿಬೀಳಲಿಲ್ಲ.

"ಅರೇ ಟೀಚರ್, ಇದು ನಮಗ ಪೈಲೇ ಮಾಲೂಮ್ ಅದ. ಪೇಪರ್ ಬಂದ ದಿನಾನೇ ಅಂಬಿಕಾ ಎಲ್ಲಾರ ಮನಿಗೂ ಬಂದಿದ್ಳು. 'ನಮ್ಮವ್ವ ಬರ್ದಿದ್ದು ನಂಬಬ್ಯಾಡ್ರಿ' ಅಂತ ಹೇಳಿ ಹೋದ್ಳು."

"ಮತ್ತ ಎಲ್ಲಾರೂ ಬಂದು ಮುಬಾರಕ್ ಅಂದ್ರಲ್ಲ?"

"ನೀವು ಅಷ್ಟ್ ಖುಷ್ ಇದ್ರಿ. ನಿಮ್ಮ ದಿಲ್ ಮುರಿಯೂದು ಯಾಕಂತ ಸುಮ್ನಾದ್ವಿ."

ಅಂಬಿಕಾ ಆ ರಾತ್ರಿಯೇ ಮುಂದಿನ ಪಂದ್ಯಾವಳಿಯ ಅರ್ಜಿ ತುಂಬಿದಳು. ನಾನು ಪೆನ್ನು ಮುಟ್ಟದೆ ಪಕ್ಕದಲ್ಲಿ ಕುಳಿತಿದ್ದೆ. ಇಡೀ ಬ್ರಹ್ಮಪುರದಲ್ಲಿ ನನ್ನ ವರದಿಯನ್ನು ಅಕ್ಷರಶಃ ನಂಬಿದ್ದು ಒಬ್ಬಳೇ ಒಬ್ಬಳು. ಬರೆದವಳು!