ಬಿಷಪ್ಪರ ತೊಟ್ಟಿಲು

ರಾಯಚೂರಿನ ಚರ್ಚಿನಲ್ಲಿ ಉಪದೇಶಿಯಾಗಿ ಮೂವತ್ತು ವರ್ಷ ಕಳೆದಿದ್ದೇನೆ. ಮಕ್ಕಳಿಗೆ ಜಪ ಕಲಿಸುವುದು, ಮದುವೆಯಾಗುವವರಿಗೆ ಬುದ್ಧಿ ಹೇಳುವುದು, ಫಾದರ್ ಹೋಗಲಾಗದ ಹಳ್ಳಿಗಳಲ್ಲಿ ಪ್ರಾರ್ಥನೆ ನಡೆಸುವುದು ನನ್ನ ಕೆಲಸ. ಹೀಗಾಗಿ ಭಕ್ತಿಯನ್ನೂ ಹತ್ತಿರದಿಂದ ನೋಡಿದ್ದೇನೆ, ಭಕ್ತಿಯ ಹೆಸರಿನಲ್ಲಿ ನಡೆಯುವ ಹುಚ್ಚಾಟವನ್ನೂ ನೋಡಿದ್ದೇನೆ. ಎರಡನೆಯದಕ್ಕೆ ನಮ್ಮಲ್ಲಿ ಎಂದೂ ಬರ ಬಂದಿಲ್ಲ.

ಹೋದ ವರ್ಷದ್ದೇ ನೋಡಿ. ನಮ್ಮ ಕಡೆಯ ಗಾರೆ ಕೆಲಸದ ಗೌಂಡಿಯೊಬ್ಬನ ಮಗ ಓದಿ ಫಾದರ್ ಆಗಿ, ಎಲ್ಲೋ ದೂರದ ರಾಜ್ಯದಲ್ಲಿ ದೊಡ್ಡ ಬಿಷಪ್ ಆದರು. ಸಂತೋಷದ ಸುದ್ದಿ. ಒಂದು ಪೂಜೆ ಅರ್ಪಿಸಿ, ಎಲ್ಲರಿಗೂ ಒಂದೊಂದು ಹಿಡಿ ಸಿರಾ ಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನಮ್ಮಲ್ಲಿ ಒಂದು ಸಮಿತಿ ಇದೆ, ಅದಕ್ಕೊಬ್ಬ ಅಧ್ಯಕ್ಷರಿದ್ದಾರೆ. ಕಚೇರಿಯಿಂದ ನಿವೃತ್ತರಾದ ಮೇಲೆ ಅವರ ಮಾತು ಕೇಳುವವರು ಯಾರೂ ಇರಲಿಲ್ಲ. ಬಿಷಪ್ಪರು ಹುಟ್ಟಿ ಬೆಳೆದ ಊರುಗಳಿಗೆ ಯಾತ್ರೆ ಎಂದು ಘೋಷಿಸಿಯೇಬಿಟ್ಟರು.

"ಅವರಿನ್ನೂ ಗಟ್ಟಿಮುಟ್ಟಾಗಿದ್ದಾರ್ರೀ. ಸಂತರಿಗೂ ಸತ್ತು ಎಷ್ಟೋ ವರ್ಷ ಆದ ಮ್ಯಾಲೆ ಯಾತ್ರಿ ಶುರುವಾಗ್ತದ" ಎಂದು ಹೇಳಿ ನೋಡಿದೆ.

"ಆವಾಗ ನಾವು ಇರ್ತೀವೇನ್ರೀ, ಉಪದೇಶಿಗಳ?" ಎಂದು ಮೈಕು ನನ್ನ ಕೈಗೆ ಕೊಟ್ಟರು.

ಮಾಸ್ತರ ಸಾಕ್ಷಿ

ಮೊದಲ ಯಾತ್ರೆ ಮಾನ್ವಿಗೆ. ಬಿಷಪ್ಪರಿಗೆ ಲೆಕ್ಕ ಕಲಿಸಿದ ಮಾಸ್ತರು ಅಲ್ಲಿ ಇನ್ನೂ ಇದ್ದಾರೆ. ವೈಷ್ಣವರು. ತೊಂಬತ್ತು ದಾಟಿದರೂ ಹಣೆಯ ಮೇಲಿನ ಅಂಗಾರ, ಅಕ್ಷತೆ ಒಂದು ದಿನ ತಪ್ಪಿದ್ದಿಲ್ಲ. ಅವರ ಅಂಗಳದಲ್ಲಿ ಯಾತ್ರಿಕರನ್ನೆಲ್ಲ ಕೂಡಿಸಿ, ಅಧ್ಯಕ್ಷರು ವಹಿ ಬಿಚ್ಚಿದರು.

"ಸಣ್ಣವರಿದ್ದಾಗ ಬಿಷಪ್ಪರೊಳಗ ಏನರ ದೈವೀ ಲಕ್ಷಣ ಕಂಡಿತ್ತೇನ್ರೀ, ಮಾಸ್ತರ?"

"ದೈವೀ ಲಕ್ಷಣ ಏನೂ ಇರಲಿಲ್ಲಪ್ಪಾ. ಲೆಕ್ಕದಾಗ ಭಾಳ ದಡ್ಡ ಇದ್ದ. ಹದಿನೇಳರ ಮಗ್ಗಿ ಕಡೀತನಕ ಬರಲಿಲ್ಲ."

ಅಧ್ಯಕ್ಷರು ಬರೆದುಕೊಂಡರು: 'ಬಾಲ್ಯದಿಂದಲೇ ಲೌಕಿಕ ಲೆಕ್ಕಾಚಾರಗಳಲ್ಲಿ ಮನಸ್ಸಿರಲಿಲ್ಲ.'

"ನೀವು ಹೊಡದ್ರ ಶಾಂತವಾಗಿ ಸಹಿಸಿಕೊಳ್ತಿದ್ದರೇನ್ರೀ?"

"ಎಲ್ಲಿ ಸಹಿಸ್ಕೊಳ್ತಾನ? ಒಮ್ಮೆ ಕಿಡಕಿ ಜಿಗಿದು ಓಡಿಹೋದ. ಮೂರು ದಿನ ಸಾಲಿ ಕಡೆ ತಲಿ ಹಾಕಲಿಲ್ಲ."

'ಮೂರು ದಿನಗಳ ಏಕಾಂತ ಧ್ಯಾನ' ಎಂದು ಬರೆದರು. ಮಾಸ್ತರು ಕನ್ನಡಕ ಏರಿಸಿ ವಹಿಯೊಳಗೆ ಇಣುಕಿ ನೋಡಿದರು. ನಿಧಾನವಾಗಿ ಓದಿದರು.

"ಯಪ್ಪಾ, ನೀ ಯಾರ ಕಡೆ ಕಲ್ತಿ? ಆತನ್ನ ಸುಮ್ಮನ ಹೊಡದೆ ಅನಸ್ತದ."

ಆ ಮಾತನ್ನು ಮಾತ್ರ ಅಧ್ಯಕ್ಷರು ಬರೆದುಕೊಳ್ಳಲಿಲ್ಲ.

ಬರಿಗಾಲು

ಎರಡನೆಯ ಯಾತ್ರೆ ದೇವದುರ್ಗದ ಕಡೆ, ಬಿಷಪ್ಪರ ತಂದೆಯ ಊರಾದ ಮಸರಕಲ್ಲಿಗೆ. ಬಿಷಪ್ಪರು ಚಿಕ್ಕವರಿದ್ದಾಗ ಬರಿಗಾಲಲ್ಲಿ ಓಡಾಡುತ್ತಿದ್ದರು, ಆದ್ದರಿಂದ ಊರು ಒಂದು ಮೈಲಿ ಇರುವಾಗಲೇ ಎಲ್ಲರೂ ಬಸ್ಸಿಳಿದು ಚಪ್ಪಲಿ ಬಿಟ್ಟು ನಡೆಯಬೇಕೆಂದು ಅಧ್ಯಕ್ಷರ ಅಪ್ಪಣೆಯಾಯಿತು. ಏಪ್ರಿಲ್ ತಿಂಗಳು, ನಡು ಮಧ್ಯಾಹ್ನ. ನಮ್ಮ ಕಡೆಯ ಬಿಸಿಲು ಗೊತ್ತಿದ್ದವರಿಗೆ ನಾನು ಹೇಳಬೇಕಾಗಿಲ್ಲ. ಡಾಂಬರು ಕಾಲಿಗೆ ಅಂಟುತ್ತಿತ್ತು. ನಾನು ಮೈಕಿನಲ್ಲಿ ಜಪಸರ ಹೇಳಿಸುತ್ತಿದ್ದರೆ, ಹಿಂದಿನವರು 'ನಮೋ ಮರಿಯಾ' ಎನ್ನುವಲ್ಲಿ 'ಯವ್ವಾ, ಸತ್ತೆ' ಎನ್ನುತ್ತಿದ್ದರು. ಅಧ್ಯಕ್ಷರು ಮಾತ್ರ ಆರಾಮಾಗಿ ನಡೆಯುತ್ತಿದ್ದರು. ಕೆಳಗೆ ನೋಡಿದರೆ ದಪ್ಪನೆಯ ಕಾಲುಚೀಲ.

ಕುರಿ ಕಾಯುತ್ತಿದ್ದ ಮುದುಕನೊಬ್ಬ ದಾರಿಯಲ್ಲಿ ನಿಂತು ನಮ್ಮ ಕುಣಿತ ನೋಡಿದ. "ಯಾಕ್ರೀ ಹಿಂಗ ನಡ್ಯಾಕತ್ತೀರಿ?" ಎಂದ. ನಾನು ವಿವರಿಸಿದೆ. ಅವನು ತನ್ನ ಕಾಲಿನ ಟೈರಿನ ಚಪ್ಪಲಿ ನೋಡಿಕೊಂಡ, ನಮ್ಮ ಕಾಲುಗಳನ್ನೂ ನೋಡಿದ.

"ಗೌಂಡಿ ಮಗನ ಕಾಲಾಗ ಚಪ್ಪಲಿ ಇರಲಿಲ್ಲ, ನಡದ. ನಿಮಗೇನಾಗ್ಯದ?"

ತಂದೆ ಕಡೆಯ ಮಣ್ಣು

ಮಸರಕಲ್ಲಿನಲ್ಲಿ ಒಂದು ಹಳೆಯ ಕೋಣೆಯ ಮುಂದೆ ಅಧ್ಯಕ್ಷರು ಬೋರ್ಡು ನೆಡಿಸಿದ್ದರು: 'ಬಿಷಪ್ಪರ ಜನ್ಮಸ್ಥಳ'. ಸುಟ್ಟ ಅಂಗಾಲು ಹಿಂದಕ್ಕೆ ಚಾಚಿ ಎಲ್ಲರೂ ಮೊಣಕಾಲೂರಿ ಪ್ರಾರ್ಥಿಸಿದೆವು. ನಮ್ಮ ಯಾತ್ರೆಯಲ್ಲಿ ಒಬ್ಬ ಅಮ್ಮನವರಿದ್ದರು. ಎಲ್ಲಿ ಹೋದರೂ ಖಾಲಿ ಬಾಟಲಿ ತಂದು, ಏನಾದರೂ ಪವಿತ್ರವಾದದ್ದು ತುಂಬಿಕೊಳ್ಳದೆ ಬಸ್ಸು ಹತ್ತುತ್ತಿರಲಿಲ್ಲ. ನಾವೆಲ್ಲ ಬಾಟಲಿಯಮ್ಮ ಎನ್ನುತ್ತಿದ್ದೆವು. ಅವರು ಅಲ್ಲಿಯ ಮಣ್ಣು ಬಾಚಿ ಬಾಚಿ ತುಂಬಿದರು.

ಎದುರುಗಡೆ ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿ ಬಹಳ ಹೊತ್ತು ನೋಡಿ ಕೇಳಿದಳು, "ಇಲ್ಲಿ ಯಾರ ಹುಟ್ಟ್ಯಾರಂತ?"

"ಬಿಷಪ್ಪರು, ಯವ್ವಾ."

"ಗೌಂಡಿ ಮಗನ? ಆತ ಚೊಚ್ಚಲ ಕೂಸಲ್ಲೇನು? ಚೊಚ್ಚಲ ಹೆರಿಗಿಗಿ ತವರಮನಿಗಿ ಕಳಸಂಗಿಲ್ಲೇನು ನಿಮ್ಮಾಗ? ಆತನ ತಾಯಿ ತವರಮನಿ ಬಾಗಲವಾಡ. ಮೂರು ತಿಂಗಳ ಕೂಸಿನ್ನ ಎತ್ಕೊಂಡು ಬಂದಳು, ನಾನೇ ಆರತಿ ಮಾಡೀನಿ."

ಎಲ್ಲರೂ ಅಧ್ಯಕ್ಷರ ಮುಖ ನೋಡಿದರು. ಅವರ ಹೆಂಡತಿಯೂ ಚೊಚ್ಚಲಿಗೆ ತವರಿಗೇ ಹೋಗಿದ್ದವರು. ಅಷ್ಟೂ ಹೊಳೆಯದವರು ಯಾತ್ರೆ ಕಟ್ಟಲು ಹೊರಟಿದ್ದರು. ಬಾಟಲಿಯಮ್ಮ ಅಳುವ ದನಿಯಲ್ಲಿ ಕೇಳಿದರು, "ಹಂಗಾದ್ರ ಈ ಮಣ್ಣು ಏನ್ ಮಾಡ್ಲಿ?"

"ಇಟ್ಕೊಳ್ರಿ. ಅದು ತಂದೀ ಕಡಿಂದು" ಎಂದರು ಅಧ್ಯಕ್ಷರು.

ಖಾಲಿ ತೊಟ್ಟಿಲು

ಬೋರ್ಡು ಕಿತ್ತು ಬಾಗಲವಾಡಕ್ಕೆ ಒಯ್ದರು. ಬಿಷಪ್ಪರ ತಾತನ ಮನೆ ಎಂದೋ ಕೈಬದಲಾಗಿ, ಈಗ ಅಲ್ಲಿ ಕೂಲಿ ಮಾಡುವ ಒಂದು ಹಿಂದೂ ಕುಟುಂಬವಿದೆ. ಮನೆಯೊಡತಿ ಮರ್ಯಾದಸ್ಥೆ. ದೇವರ ಹೆಸರು ಹೇಳಿಕೊಂಡು ಬಂದವರೆಂದು ಕೂರಿಸಿ ನೀರು ಕೊಟ್ಟಳು. ನೀರು ಕುಡಿಯುತ್ತ ಅಧ್ಯಕ್ಷರು ತಲೆಯೆತ್ತಿದರು. ತೊಲೆಗೆ ಒಂದು ತೊಟ್ಟಿಲು ತೂಗುಹಾಕಿತ್ತು.

"ಇದೇ! ಇದರಾಗೇ ಮಲಗಿದ್ದರು!"

"ಇಲ್ಲರೀ ಯಪ್ಪಾ, ಮೊನ್ನೆ ಮಾನ್ವಿ ಸಂತ್ಯಾಗ ತಂದೀವಿ. ಮಗಳು ಚೊಚ್ಚಲ ಹೆರಿಗಿಗಿ ಬಂದಾಳ. ಮೂಸಿ ನೋಡ್ರಿ, ವಾರ್ನಿಷ್ ವಾಸನಿ ಇನ್ನಾ ಹೋಗಿಲ್ಲ."

"ಹಳೇ ತೊಟ್ಟಿಲಿಗಿ ಹೊಸ ವಾರ್ನಿಷ್ ಹೊಡದಾರ" ಎಂದು ಅಧ್ಯಕ್ಷರು ನಮಗೆ ವಿವರಿಸಿದರು. ಹಗ್ಗದ ಮೇಲಿಂದ ಸುತ್ತಲೂ ಕೆಂಪು ಬಟ್ಟೆ ಇಳಿಬಿಟ್ಟು, ಒಂದು ಚೀಟಿ ಅಂಟಿಸಿ, ಬಿಷಪ್ಪರು ಬಂದು ನೋಡುವ ತನಕ ಇದರಲ್ಲಿ ಯಾರನ್ನೂ ಮಲಗಿಸಬಾರದು ಎಂದರು.

"ಮಗಳಿಗಿ ಏಳು ತಿಂಗಳು ತುಂಬ್ಯಾವರೀ. ಕೂಸಿನ್ನ ಎಲ್ಲಿ ಮಲಗಸಲಿ?"

"ಚಾಪಿ ಮ್ಯಾಲ ಮಲಗಸವ್ವಾ. ನಮ್ಮ ಯೇಸುಸ್ವಾಮಿ ಗೋದಲ್ಯಾಗ ಮಲಗಿದ್ದರು."

ತನ್ನ ಮನೆಯಲ್ಲಿ ನಾಲ್ಕು ಫ್ಯಾನು ತಿರುಗಿಸಿ ಮಲಗುವ ಮನುಷ್ಯ ಹೇಳಿದ ಮಾತು ಇದು.

ಮುಂದಿನ ಭಾನುವಾರಗಳಲ್ಲಿ ಬಸ್ಸು ತುಂಬಿ ತುಂಬಿ ಬಂತು. ಬಂದವರೆಲ್ಲ ಆ ತೊಟ್ಟಿಲನ್ನು ಒಮ್ಮೆ ತೂಗಿ, ಎದೆಗೆ ಶಿಲುಬೆ ಗುರುತು ಹಾಕಿಕೊಂಡು ಹೋಗುತ್ತಿದ್ದರು. ಖಾಲಿ ತೊಟ್ಟಿಲು ತೂಗಿದರೆ ಬರುವ ಕೂಸಿಗೆ ಕೇಡು ಎಂದು ನಮ್ಮ ಕಡೆ ಎಲ್ಲ ಜಾತಿಯವರೂ ನಂಬುತ್ತಾರೆ. ನನ್ನ ತಾಯಿಯೂ ನಂಬಿದ್ದಳು. ಮನೆಯೊಡತಿ ಬಾಗಿಲಲ್ಲಿ ಕೈಮುಗಿದು ನಿಂತಿರುತ್ತಿದ್ದಳು.

"ಖಾಲೀದು ತೂಗಬ್ಯಾಡ್ರೀ, ನಿಮ್ಮ ಕಾಲಿಗಿ ಬೀಳ್ತೀನಿ. ಒಳಗ ನನ್ನ ಮಗಳು ಅಳಾಕತ್ತಾಳ."

"ಮೂಢನಂಬಿಕಿ ಇಟ್ಕೋಬಾರದವ್ವಾ" ಎಂದು ಅಧ್ಯಕ್ಷರು ಬುದ್ಧಿ ಹೇಳಿದರು. ಹೇಳಿ, ತೊಟ್ಟಿಲ ಹಗ್ಗಕ್ಕೆ ಮುತ್ತಿಟ್ಟರು.

ನಗು ಬರುವ ಮಾತೇ. ಆದರೆ ಆ ದಿನ ನನಗೆ ನಗು ಬರಲಿಲ್ಲ, ನಾಚಿಕೆಯಾಯಿತು. 'ಒಬ್ಬೊಬ್ಬರಾಗಿ ಬಂದು ತೂಗಿರಿ' ಎಂದು ಮೈಕಿನಲ್ಲಿ ಕೂಗುತ್ತಿದ್ದವನು ನಾನೇ ಅಲ್ಲವೇ?

ತೀರ್ಥ

ಕೊನೆಗೂ ಬಿಷಪ್ಪರು ಬರುವ ದಿನ ಗೊತ್ತಾಯಿತು. ಅಷ್ಟರಲ್ಲಿ ಆ ಮನೆಯ ಮಗಳು ಹೆತ್ತಿದ್ದಳು, ಗಂಡು ಕೂಸು, ತಾಯಿ-ಮಗು ಇಬ್ಬರೂ ಚೆನ್ನಾಗಿದ್ದರು. ಸ್ವಾಗತದ ತಯಾರಿಯಲ್ಲಿ ಎರಡು ಭಾನುವಾರ ಬಸ್ಸು ಹೊರಡದಿದ್ದರಿಂದ ನಮಗೆ ಮಾತ್ರ ಸುದ್ದಿ ಇರಲಿಲ್ಲ. ಬಿಷಪ್ಪರು ಬರುವ ದಿನ ಕೂಸಿಗೆ ಹದಿಮೂರನೆಯ ದಿನ. ಬೆಳಗಾಗುತ್ತಲೇ ಮನೆಯೊಡತಿ ಓಣಿಯ ಹೆಂಗಸರನ್ನು ಕರೆದು, ಹೆಸರಿಟ್ಟು, ಯಾರ ಅಪ್ಪಣೆಯನ್ನೂ ಕೇಳದೆ ಕೂಸನ್ನು ತೊಟ್ಟಿಲಿಗೆ ಹಾಕಿ, ಅಡುಗೆಗೆ ನಿಂತಿದ್ದಳು.

ನಮ್ಮ ಬಸ್ಸು ಮುಟ್ಟಿದಾಗ ಹನ್ನೊಂದು ಗಂಟೆ. ಬಿಷಪ್ಪರ ಕಾರು ಇನ್ನೂ ಹಿಂದಿತ್ತು. ಎಲ್ಲರಿಗಿಂತ ಮುಂಚೆ ಬಾಟಲಿಯಮ್ಮ ಒಳಗೆ ನುಗ್ಗಿದರು. ಮರುಕ್ಷಣವೇ ಅವರ ಕೂಗು ಕೇಳಿತು.

"ಬರ್ರಿ, ಲಗೂನ ಬರ್ರಿ! ತೊಟ್ಟಿಲದಾಗಿಂದ ನೀರು ಇಳ್ಯಾಕತ್ತದ! ಅದ್ಭುತ!"

ಓಡಿಹೋಗಿ ನೋಡಿದರೆ ನಿಜವೇ. ಕೆಂಪು ಬಟ್ಟೆಯ ಕೆಳಗಿಂದ ತೊಟ್ಟಿಕ್ಕುತ್ತಿತ್ತು. ಬಾಟಲಿಯಮ್ಮ ಬಾಟಲಿ ಹಿಡಿದು ಕುಳಿತುಬಿಟ್ಟಿದ್ದರು. ಅಧ್ಯಕ್ಷರು "ಸರೀರಿ, ಮೊದಲು ಸಮಿತಿ" ಎಂದು ಎಲ್ಲರನ್ನೂ ತಳ್ಳಿ ಮೊಣಕಾಲೂರಿದರು. ಅಂಗೈ ಒಡ್ಡಿ ಹಿಡಿದರು. ಹಣೆಗೆ ಹಚ್ಚಿಕೊಂಡರು, ಎರಡೂ ಕಣ್ಣಿಗೆ ಒತ್ತಿಕೊಂಡರು. ಅಷ್ಟಕ್ಕೇ ಬಿಡಬಹುದಿತ್ತು. ಉಳಿದದ್ದನ್ನು ಬಾಯಿಗೆ ಬಿಟ್ಟುಕೊಂಡರು.

"ಹ್ಯಾಂಗದರೀ?" ಎಂದು ಬಾಟಲಿಯಮ್ಮ ಪಿಸುಗುಟ್ಟಿದರು.

"ಬೆಚ್ಚಗದ" ಎಂದರು ಅಧ್ಯಕ್ಷರು ಕಣ್ಣು ಮುಚ್ಚಿಕೊಂಡೇ. "ಸ್ವಲ್ಪ ಉಪ್ಪು."

ಆಗ ಹಿಂದಿನಿಂದ ಜನ ದಾರಿ ಬಿಟ್ಟರು. ಬಿಳಿಯ ನಿಲುವಂಗಿಯ ಬಿಷಪ್ಪರು ಬಗ್ಗಿ ಬಾಗಿಲು ದಾಟಿ ಬಂದು, ಮೊಣಕಾಲೂರಿದ್ದ ಅಧ್ಯಕ್ಷರನ್ನು ನೋಡಿ, ತೊಟ್ಟಿಲ ಬಟ್ಟೆ ಸರಿಸಿದರು. ಒಳಗಿದ್ದ ಕೂಸು ಇಷ್ಟು ಮಂದಿಯನ್ನು ಕಂಡು ಕಿಟಾರನೆ ಕಿರುಚಿತು.

ಮನೆಯೊಡತಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಧ್ಯಕ್ಷರ ಮುಂದೆ ನಿಂತಳು. "ತಿಂಗಳಗಟ್ಟಲೆ ಖಾಲಿ ತೊಟ್ಟಿಲು ತೂಗಿದ್ರಿ. ಈಗ ತುಂಬ್ಯದ. ಎಬ್ಬಿಸಿದವ್ರೂ ನೀವೇ. ತೂಗ್ರಿ ಈಗ!"

"ತೂಗ್ರಿ" ಎಂದರು ಬಿಷಪ್ಪರೂ. ಅಧ್ಯಕ್ಷರು ಮುಖ ಒರೆಸಿಕೊಳ್ಳಲೂ ಆಗದೆ ಹಗ್ಗ ಹಿಡಿದು ತೂಗತೊಡಗಿದರು. ನಾನು ಮೈಕನ್ನು ಬಸ್ಸಿನಲ್ಲೇ ಬಿಟ್ಟು ಬಂದಿದ್ದೆ. ಇಲ್ಲದಿದ್ದರೆ ಆ ದಿನ ಮನಸ್ಸಿಟ್ಟು ಜೋಗುಳ ಹಾಡುತ್ತಿದ್ದೆ.

ಬಿಷಪ್ಪರು ತೊಟ್ಟಿಲಿಗೆ ಅಂಟಿಸಿದ್ದ ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಕೂಸಿನ ತಲೆ ಮುಟ್ಟಿ ಆಶೀರ್ವದಿಸಿದರು. ಆಮೇಲೆ ಅವರ ಕಣ್ಣು ಬಾಟಲಿಯಮ್ಮನ ಕಡೆ ಹೋಯಿತು. ಆಕೆ ಇನ್ನೂ ಬಾಟಲಿಯನ್ನು ಎದೆಗವಚಿಕೊಂಡೇ ನಿಂತಿದ್ದರು.

"ನಾ ಈ ಮನ್ಯಾಗ ಹುಟ್ಟೀನಂತ ನಮ್ಮವ್ವ ಹೇಳ್ತಿದ್ದಳು. ಅದು ಖರೆ ಇರಬಹುದವ್ವಾ" ಎಂದರು ಬಿಷಪ್ಪರು. "ಆದರ ಆ ಬಾಟಲ್ಯಾಗಿಂದು ನಂದಲ್ಲ."