ಕಡೆಯವನು ಮುಟ್ಟುವ ತನಕ

ಸೈಕಲ್ ರೇಸಿನ ಬಗ್ಗೆ ನಮ್ಮ ಕಾಕಾಗೆ ಗೊತ್ತಿಲ್ಲದ ಸಂಗತಿ ಒಂದೇ ಒಂದು: ಯಾರು ಗೆದ್ದರು ಎಂಬುದು. ಉಳಿದದ್ದನ್ನೆಲ್ಲ ಕೇಳಿ, ಹೇಳುತ್ತಾರೆ. ಯುರೋಪಿನ ಯಾವ ಬೆಟ್ಟದ ಯಾವ ತಿರುವಿನಲ್ಲಿ ಯಾರು ಜಾರಿದರು, ಯಾರ ಮೊಣಕೈ ತರಚಿತು, ಎಲ್ಲರೂ ಮುಂದೆ ಹೋದ ಮೇಲೆ ಮಂಜಿನಲ್ಲಿ ಒಬ್ಬನೇ ಉಳಿದವನು ಯಾವ ಬಣ್ಣದ ಅಂಗಿಯವನು, ಎಲ್ಲವೂ ಬಾಯಿಪಾಠ. ಗೆದ್ದವನ ಸುದ್ದಿ ತೆಗೆದರೆ ಮಾತ್ರ, "ಅವ ಮುಟ್ಟಿದ್ನಲ್ಲ, ಮತ್ತೇನು ಅವನ ಚಿಂತಿ?" ಎಂದು ನಮ್ಮನ್ನೇ ತಿರುಗಿ ಕೇಳುತ್ತಾರೆ.

ಇಷ್ಟಕ್ಕೂ ಕಾಕಾಗೆ ಸೈಕಲ್ ಹೊಡೆಯಲು ಬರುವುದಿಲ್ಲ. ಮಮದಾಪುರದ ಸುತ್ತಲಿನ ಗುಡ್ಡಗಳಲ್ಲಿ ಕುರಿಗಳ ಹಿಂದೆ ನಡೆದೇ ಆಯುಷ್ಯ ಕಳೆದವರು. ಮೊಣಕಾಲು ಕೈಕೊಟ್ಟ ಮೇಲೆ ಕುರಿಗಳನ್ನು ಅಳಿಯನಿಗೆ ಒಪ್ಪಿಸಿ ಮನೆಯಲ್ಲಿ ಕುಳಿತರು. ಬೇಸರ ಕಳೆಯಲಿ ಎಂದು ನಾನು ಗೋಕಾಕದಿಂದ ಒಂದು ಮೊಬೈಲ್ ಒಯ್ದು ಕೊಟ್ಟೆ. ಭಜನೆ ಕೇಳಿಕೊಂಡು ಇರುತ್ತಾರೆ ಎಂದು ನನ್ನ ಲೆಕ್ಕ. ಕಾಕಾನ ಹೆಬ್ಬೆರಳು ಅದರಲ್ಲಿ ಎಲ್ಲಿ ತಾಗಿತೋ ಏನೋ, ಆಕಾಶದಿಂದ ತೆಗೆದ ಒಂದು ಚಿತ್ರ ಮೂಡಿತು. ಹಸಿರು ಬೆಟ್ಟ, ಸುತ್ತಿ ಸುತ್ತಿ ಇಳಿಯುವ ದಾರಿ, ದಾರಿಯ ತುಂಬ ಒತ್ತೊತ್ತಾಗಿ ಹರಿದುಬರುತ್ತಿರುವ ಬಣ್ಣಬಣ್ಣದ ಏನೋ ಒಂದು. ಕಾಕಾ ಕಣ್ಣು ಕಿರಿದು ಮಾಡಿ ನೋಡಿದರು.

"ಯಾರ ಹಿಂಡವಾ ಇದು? ಬಾಳ ಜೋರ ಬಿಟ್ಟಾರ."

"ಕಾಕಾ, ಅದು ಕುರಿ ಅಲ್ಲ. ಸೈಕಲ್ ರೇಸು."

"ಆತು, ಸೈಕಲ್ ಅನ್ನು. ಹಿಂದ ಯಾರ ಅದಾರ ಅದನ್ನ ಹೇಳು."

ಅಲ್ಲಿಗೆ ಶುರುವಾಯಿತು. ನಮ್ಮ ಮನೆತನದಲ್ಲಿ ಕುರಿ ಕಾಯುವವರದೊಂದು ಕಟ್ಟಳೆಯಿದೆ. ಹಿಂಡಿನ ಕಡೆಯ ಕುರಿ, ಅದು ಕುಂಟುತ್ತಿರಲಿ, ದಾರಿಯಲ್ಲಿ ಮರಿ ಹಾಕಿರಲಿ, ಹಟ್ಟಿಗೆ ಬಂದು ಸೇರುವ ತನಕ ಕಾಯುವವನು ಬಾಯಿಗೆ ತುತ್ತು ಇಡುವುದಿಲ್ಲ. ಈ ಕಟ್ಟಳೆಯನ್ನು ಕಾಕಾ ಯಾರನ್ನೂ ಕೇಳದೆ ಯುರೋಪಿಗೂ ಹಚ್ಚಿಬಿಟ್ಟರು! ರೇಸಿನ ಕಡೆಯವನು ಗುರಿ ಮುಟ್ಟುವ ತನಕ ಮಮದಾಪುರದಲ್ಲಿ ಊಟವಿಲ್ಲ. ಸೋತವರನ್ನು ಹತ್ತಿಸಿಕೊಳ್ಳಲು ಎಲ್ಲರ ಹಿಂದೆ ಒಂದು ಗಾಡಿ ಬರುತ್ತದೆ ಎಂದು ನಾನು ತಿಳಿಸಿ ಹೇಳಿದ ದಿನ ಅವರಿಗೆ ಆ ಸೀಮೆಯ ಜನರ ಮೇಲೆ ಭಾರಿ ಗೌರವ ಬಂತು. "ಶ್ಯಾಣ್ಯಾ ಮಂದಿ ಅದಾರ. ಕುಂಟೂದನ್ನ ಹೆಗಲ ಮ್ಯಾಲ ಹೊರೂ ತ್ರಾಸ ಇಲ್ಲ ನೋಡು" ಎಂದರು.

ತೊಂದರೆಯೇನೆಂದರೆ, ಕಾಕಾಗೆ ಸಕ್ಕರೆ ಕಾಯಿಲೆ. ಗುಳಿಗೆ ನುಂಗಿದ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ತಲೆ ಸುತ್ತಿ ಬೀಳುತ್ತೀರಿ ಎಂದು ಗೋಕಾಕದ ಡಾಕ್ಟರು ಎಚ್ಚರಿಸಿದ್ದರು.

"ಉಣ್ತೇನ್ರಿ ಸಾಹೇಬ್ರ," ಎಂದರು ಕಾಕಾ, "ಬೆಟ್ಟ ಹತ್ತೂ ದಿನಾ ಅಷ್ಟ ಬಿಟ್ಟು."

ಡಾಕ್ಟರು ಗಾಬರಿಯಾದರು. "ಇಂಥಾ ಮೊಣಕಾಲ ಇಟ್ಕೊಂಡು ಬೆಟ್ಟಾ ಹತ್ತಾಕ ಹೊಕ್ಕೀರೇನು?"

"ನಾ ಎಲ್ಲಿ ಹತ್ಲಿರಿ? ನಾ ಬರೇ ಕಾಯಾಂವ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

ಕಾಕಿಯಂತೂ ದಿನಾ ಸಂಜೆ ಒಂದೇ ಪ್ರಶ್ನೆ ಕೇಳಿ ಸೋತಿದ್ದರು. "ಮಂದಿ ಸೈಕಲ್ ತುಳದ್ರ ನೀವ್ಯಾಕ ಉಪಾಸ ಬೀಳ್ತೀರಿ? ಅವರೇನ ನಿಮ್ಮ ಬೀಗರೇನು?"

ಕಳೆದ ಮಳೆಗಾಲದಲ್ಲಿ ಒಂದು ರವಿವಾರ ನಾನು ಮಮದಾಪುರಕ್ಕೆ ಹೋಗಿದ್ದೆ. ಇಲ್ಲೂ ಮಳೆ, ಅಲ್ಲೂ ಮಳೆ. ಕಾಕಾ ಕಂಬಳಿ ಹೊದ್ದು ಮೊಬೈಲನ್ನೂ ಅದರೊಳಗೆ ಎಳೆದುಕೊಂಡಿದ್ದರು. ನಾನೂ ತಲೆ ತೂರಿಸಿದೆ. ಉಣ್ಣೆಯ ಬೆಚ್ಚನೆ ವಾಸನೆ, ಕತ್ತಲು, ಅದರ ನಡುವೆ ಅಂಗೈ ಅಗಲದ ಬೆಳಕಿನಲ್ಲಿ ಒಂದು ಬೆಟ್ಟ. ತಲೆಯ ಮೇಲಿನ ತಗಡಿಗೆ ಬಡಿಯುವ ಮಳೆಯೇ ಆ ಬೆಟ್ಟಕ್ಕೂ ಸುರಿಯುತ್ತಿದೆ ಎನಿಸಿತು. ನೀಲಿ ಅಂಗಿಯ ಒಬ್ಬ ತೆಳ್ಳನೆಯ ಹುಡುಗ ತಿರುವಿನಲ್ಲಿ ಜಾರಿ ಬಿದ್ದ. ಎದ್ದ. ಮೊಣಕೈಯಿಂದ ರಕ್ತ ಇಳಿಯುತ್ತಿದ್ದರೂ ಮತ್ತೆ ಸೈಕಲ್ ಹತ್ತಿದ. ಅಷ್ಟರಲ್ಲಿ ಎಲ್ಲರೂ ದಾಟಿ ಹೋಗಿದ್ದರು. "ಸಾವಕಾಶ ಬಾರಪಾ. ಅವಸರಾ ಮಾಡಬ್ಯಾಡ" ಎಂದರು ಕಾಕಾ. ಇನ್ನೂ ಎರಡು ಬೆಟ್ಟ ಬಾಕಿ ಇದ್ದವು. ಆಗ ಊರಿನ ಕರೆಂಟು ಹೋಯಿತು, ಅದರ ಹಿಂದೆಯೇ ನೆಟ್‌ವರ್ಕ್ ಹೋಯಿತು.

ಕಾಕಿ ತಾಟು ತಂದಿಟ್ಟರು. ಕಾಕಾ ಸರಿಸಿದರು. ಗುಳಿಗೆ ಆಗಲೇ ನುಂಗಿಯಾಗಿತ್ತು. "ಅವ ಇನ್ನೂ ಗುಡ್ಡದಾಗ ಅದಾನ" ಎಂದಷ್ಟೇ ಹೇಳಿ ಹೊರಗಿನ ಮಳೆ ನೋಡುತ್ತ ಕುಳಿತರು. ಡಾಕ್ಟರ ಎಚ್ಚರಿಕೆ ನೆನಪಾಯಿತು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಏನು ಮಾಡುವುದು ಹೇಳಿ? ನೆಟ್‌ವರ್ಕ್ ಎಲ್ಲಿ ಸಿಗುತ್ತದೋ ಅಲ್ಲಿಯವರೆಗೆ ಕರೆದೊಯ್ದರಾಯಿತು, ಕಡೆಯವನು ಬಂದ ಕೂಡಲೇ ಉಣಿಸಿದರಾಯಿತು ಎಂದು ನನ್ನ ಸಣ್ಣ ಕಾರು ತೆಗೆದೆ. ಕಾಕಿ ಗೊಣಗುತ್ತಲೇ ರೊಟ್ಟಿ ಬುತ್ತಿ ಕಟ್ಟಿ ಹಿಂದಿನ ಸೀಟಿನಲ್ಲಿ ಕುಳಿತರು.

ಗೋಕಾಕದಲ್ಲೂ ಕತ್ತಲು, ನೆಟ್‌ವರ್ಕ್ ಇಲ್ಲ. ಕೆಂಪು ನೀರು ತುಂಬಿ ಹರಿಯುತ್ತಿದ್ದ ಘಟಪ್ರಭೆಯನ್ನು ದಾಟಿ ಹುಕ್ಕೇರಿಯ ದಾರಿ ಹಿಡಿದೆವು. ಕಬ್ಬಿನ ಹೊಲಗಳ ಮೇಲೆ ಮಂಜು ಇಳಿದು ರಸ್ತೆ ಎಲ್ಲಿ ಮುಗಿಯುತ್ತದೆ, ಮೋಡ ಎಲ್ಲಿ ಶುರುವಾಗುತ್ತದೆ ಎಂಬುದೇ ತಿಳಿಯುತ್ತಿರಲಿಲ್ಲ. "ಈಗ ಎಲ್ಲಿಗಿ ಬಂದಿರಬೇಕವಾ ಅವ?" ಎಂದು ಕಾಕಾ ತಿರುವಿಗೊಮ್ಮೆ ಕೇಳುತ್ತಿದ್ದರು. ನಾನೂ ತಿರುವಿಗೊಮ್ಮೆ ಅವನನ್ನು ಒಂದೊಂದು ಸುಳ್ಳು ಬೆಟ್ಟ ಹತ್ತಿಸುತ್ತಿದ್ದೆ.

ಒಂದು ಕಡೆ ನಮ್ಮ ಮುಂದೆ ಹೋಗುತ್ತಿದ್ದ ಸೈಕಲ್ ಕಾಣಿಸಿತು. ಎರಡೂ ಬದಿಗೆ ಹಾಲಿನ ಕ್ಯಾನು, ತಲೆಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಒಬ್ಬ ಏರು ಹತ್ತುತ್ತಿದ್ದ. ನಾನು ಹಾರ್ನ್ ಮಾಡಲು ಹೋದೆ.

"ಬಾರಸಬ್ಯಾಡ," ಎಂದರು ಕಾಕಾ. "ಹಿಂದಿಂದ ಸಾವಕಾಶ ನಡಿ. ಅವನ ಮುಂದ ಬೆಳಕ ಬೀಳಲಿ."

ಅವನ ಹಿಂದೆ ಮೆಲ್ಲಗೆ ಕಾರು ಬಿಟ್ಟೆ. ದೀಪದ ಬೆಳಕಿನಲ್ಲಿ ಮಳೆಯ ಎಳೆಗಳು, ಅವುಗಳ ನಡುವೆ ಏರಿಳಿಯುವ ಎರಡು ಕಾಲು. ಎಂ.ಎ. ಓದಿ ಕಾಲೇಜಿನಲ್ಲಿ ಪಾಠ ಹೇಳುವ ನಾನು, ಆ ಕಾಲುಗಳನ್ನೇ ನೋಡುತ್ತ, ಇದು ಹುಕ್ಕೇರಿಯ ರಸ್ತೆ ಎಂಬುದನ್ನು ಮರೆತೇಬಿಟ್ಟಿದ್ದೆ. ಕಡೆಗೆ ಆತನೇ ಸೈಕಲ್ ನಿಲ್ಲಿಸಿದ. "ಯಾವೂರ್ರಿ ನಿಮ್ದು? ಹಾದಿ ತಪ್ಪೇತೇನ್ರಿ?"

ಕಾಕಾ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಇಲ್ರಿ. ನೀವು ಮನಿ ಮುಟ್ಟೂತನಾ ಬರಾಕತ್ತೇವಿ, ನಡೀರಿ."

ಆಮೇಲೆ ಆತ ಸೈಕಲ್ ತುಳಿದ ವೇಗವನ್ನು ಯುರೋಪಿನವರು ನೋಡಬೇಕಿತ್ತು.

ಹುಕ್ಕೇರಿಯಲ್ಲೂ ನೆಟ್‌ವರ್ಕ್ ಸಿಗಲಿಲ್ಲ. ಮುಂದೆ ನಿಡಸೋಸಿಯ ಇಂಜಿನಿಯರಿಂಗ್ ಕಾಲೇಜಿನ ಹತ್ತಿರ ಒಂದು ಚಹಾದಂಗಡಿಯಲ್ಲಿ ದೀಪ ಉರಿಯುತ್ತಿತ್ತು. ಅಲ್ಲಿ ನಿಂತೊಡನೆ ಮೊಬೈಲ್ ಟಿಂಗ್ ಟಿಂಗ್ ಎಂದು ಬಾಯಿ ಬಿಟ್ಟಿತು. ತೆಗೆದು ನೋಡಿದರೆ ಗೆದ್ದವನು ಹೂಗುಚ್ಛ ಹಿಡಿದು ನಗುತ್ತಿದ್ದ. "ಅವನ್ನ ಸರಸು" ಎಂದರು ಕಾಕಾ. ಸರಿಸಿದರೆ ಜಾಹೀರಾತು ಬಂತು, ರೇಸ್ ತೋರಿಸುವುದೇ ಮುಗಿದಿತ್ತು. ಕಾಕಾ ಬೆಂಚಿನ ಮೇಲೆ ಕುಸಿದಂತೆ ಕುಳಿತರು. ಹಣೆಯ ಮೇಲೆ ಬೆವರು ಒಡೆದಿತ್ತು. ನಾನು ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತುತ್ತ ಹುಡುಕಿದೆ. ಕಡೆಗೂ ಗುರಿಯ ಹತ್ತಿರ ಕೊಡೆ ಹಿಡಿದು ನಿಂತಿದ್ದ ಯಾರೋ ಪುಣ್ಯಾತ್ಮರು ತಮ್ಮ ಮೊಬೈಲಿನಿಂದಲೇ ತೋರಿಸುತ್ತಿದ್ದುದು ಸಿಕ್ಕಿತು.

ಜನ ಚದುರಿದ್ದರು. ಬರೀ ಮಂಜು. ಬಹಳ ಹೊತ್ತಿನ ಮೇಲೆ ಅದರೊಳಗೆ ಒಂದು ಗಾಡಿಯ ಎರಡು ದೀಪ ಮೂಡಿದವು. ಆ ದೀಪಗಳ ಮುಂದೆ ನೀಲಿ ಅಂಗಿ. ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಗೆರೆ ದಾಟಿತು. ಯಾರೋ ಓಡಿಬಂದು ಅವನ ಹೆಗಲಿಗೆ ದಪ್ಪ ಬಟ್ಟೆ ಹೊದಿಸಿದರು. ಕಾಕಾ ತಮ್ಮ ಕಂಬಳಿಯನ್ನು ತೆಗೆದು ಪಕ್ಕಕ್ಕೆ ಮಡಚಿ ಇಟ್ಟು, "ಉಣ್ಣಾಕ ಹಾಕು" ಎಂದರು.

ಕಾಕಿ ಬೆಂಚಿನ ಮೇಲೆ ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಇನ್ನು ಬೈಗುಳದ ಸುರಿಮಳೆ ಎಂದು ನಾನು ಕಿವಿ ಗಟ್ಟಿ ಮಾಡಿಕೊಂಡೆ. ಕಾಕಿ ಬೈಯಲಿಲ್ಲ. ಮೊಬೈಲಿನತ್ತ ಒಮ್ಮೆ ನೋಡಿ, ನನ್ನ ಕಡೆ ತಿರುಗಿ, ಮೆಲ್ಲಗೆ ಕೇಳಿದರು.

"ಆ ಹುಡುಗನ ಊಟಾ ಆತಂತೇನವಾ?"

ತುತ್ತು ಎತ್ತಿದ್ದ ಕಾಕಾನ ಕೈ ಬಾಯಿಯ ಹತ್ತಿರ ನಿಂತುಬಿಟ್ಟಿತು. ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

"ಆತು ಕಾಕಿ," ಎಂದೆ. "ಬಿಸಿಬಿಸಿ ಉಂಡಾನಂತ."

ಕಾಕಾ ತುತ್ತು ಬಾಯಿಗಿಟ್ಟರು. ಕಾಕಿ ಇನ್ನೊಂದು ರೊಟ್ಟಿ ತೆಗೆದು, ಅದನ್ನು ತಮಗೇ ಹಾಕಿಕೊಂಡರು. ದಿನಾ ಬೈಯುತ್ತ ಬೈಯುತ್ತಲೇ ಅವರೂ ಉಣ್ಣದೆ ಕಾಯುತ್ತಿದ್ದರೆಂದು ನನಗೆ ಆಗ ತಿಳಿಯಿತು.